ಪುಕ್ಕಟೆ ಗಿರಣಿ

ಪಕ್ಕದ ಹೊಲದ ಸಾವಕ್ಕ ಸೆರಗಿನ ತುದಿಯ ಗಂಟು ಬಿಚ್ಚಿ ನೋಟು ತೆಗೆಯುವುದಕ್ಕೂ ಬಾಳವ್ವ ಮನೆಯೊಳಗಿನಿಂದ ಹೊರಗೆ ಬರುವುದಕ್ಕೂ ಸರಿಹೋಯಿತು. ನೋಟು ಇಸಿದುಕೊಳ್ಳಲು ಚಾಚಿದ್ದ ಸೊಸೆ ದಾಕ್ಷಾಯಿಣಿಯ ಕೈ ಹಾಗೇ ನಿಂತುಬಿಟ್ಟಿತು.

"ಏನದು?" ಎಂದಳು ಬಾಳವ್ವ.

"ಬೀಸಿದ್ದರ ರೊಕ್ಕ ರೀ, ಬಾಳವ್ವಾರ."

"ಯಾರು ಕೇಳಿದ್ರು ನಿನ್ನ? ಗಂಟು ಹಾಕ್ಕೋ ಅದನ್ನ. ನಮ್ಮ ಮನಿ ಮುಂದ ನಿಂತು ಹಿಟ್ಟಿಗೆ ರೊಕ್ಕಾ ಎಣಸ್ತಾರೇನು? ಮಂದಿ ಕೇಳಿದ್ರ ಏನಂದಾರು?"

"ಊರಾಗ ಉಸ್ಮಾನಸಾಬಗ ಕೊಡ್ತಿದ್ದಿಲ್ಲೇನ್ರಿ? ಹಂಗ ಇಲ್ಲೂ..."

"ಉಸ್ಮಾನಸಾಬ ಗಿರಣಿ ಇಟ್ಟಾನ. ನಾವು ಮನಿ ಇಟ್ಟೇವಿ," ಎಂದ ಬಾಳವ್ವ ಒಳಗೆ ಹೋಗಿ ಒಂದು ಹೆಂಟೆ ಬೆಲ್ಲ ತಂದು ಸಾವಕ್ಕನ ಹಿಟ್ಟಿನ ಬುಟ್ಟಿಯ ಮೇಲಿಟ್ಟಳು. ಸಾವಕ್ಕ ನೋಟನ್ನು ತಿರುಗಿ ಕಟ್ಟಿಕೊಂಡಳು. ಬುಟ್ಟಿ ಹೊತ್ತು ಹೋದಳು. ಕೊಟ್ಟವಳಿಗೆ ಖುಷಿಯಾಗಿತ್ತು, ಆದ್ದರಿಂದ ಇಸಿದುಕೊಂಡವಳ ಮುಖವನ್ನು ಯಾರೂ ನೋಡಲಿಲ್ಲ.

ಗಿರಣಿ ಬಂದದ್ದು ಯುಗಾದಿ ಮುಗಿದ ಮೇಲೆ. ಅದಕ್ಕಿಂತ ಮೊದಲಿನ ಕಥೆಯನ್ನು ಸ್ವಲ್ಪ ಹೇಳಬೇಕು. ಅಣ್ಣತಮ್ಮಂದಿರು ಬೇರೆಯಾದಾಗ ಊರೊಳಗಿನ ವಾಡೆ ಬಾಳವ್ವನ ಭಾವನ ಪಾಲಿಗೆ ಹೋಯಿತು. ಅವಳ ಗಂಡ ಮಡಿವಾಳಪ್ಪನ ಪಾಲಿಗೆ ಎರೆಹೊಲವೂ ಹೊಲದ ನಡುವಿನ ಮನೆಯೂ ಬಂದವು. ಧಾರವಾಡದ ಕಡೆಯ ಹೊಲಗಳಲ್ಲಿ ಇಂಥ ಮನೆಗಳು ಅಲ್ಲೊಂದು ಇಲ್ಲೊಂದು ಇರುತ್ತವೆ. ಇಲ್ಲಿ ಹತ್ತಿರ ಹತ್ತಿರ ಐದಾರು ಮನೆ. ಕರೆಂಟಿನ ಕಂಬಗಳು ಊರಿನ ಅಗಸೆ ಬಾಗಿಲಿನವರೆಗೆ ಬಂದು, ಮುಂದಿನ ಕೆಸರು ನೋಡಿ ಹೆದರಿದವರ ಹಾಗೆ ಅಲ್ಲೇ ನಿಂತಿದ್ದವು. ಲೈನು ಎಳೆಸಬೇಕೆಂದರೆ ಕಂಬಗಳ ಖರ್ಚನ್ನು ಈ ಮನೆಗಳವರೇ ಹಾಕಬೇಕಿತ್ತು. ಲೆಕ್ಕ ಕೇಳಿ ಬಂದ ದಿನ ಮಡಿವಾಳಪ್ಪ, "ಕಂಬಾ ಹುಗಸ್ಬೇಕಂದ್ರ ಹೊಲಾ ಮಾರಬೇಕು. ಹೊಲಾ ಮಾರಿದ ಮ್ಯಾಲೆ ಇಲ್ಲಿ ದೀಪಾ ಯಾರಿಗೆ ಬೇಕು?" ಎಂದು ತಲೆಯ ಪಟಗ ತೆಗೆದು ಗೂಟಕ್ಕೆ ಹಾಕಿದ್ದ.

ಎಲ್ಲರ ಮನೆಯಲ್ಲೂ ಸಣ್ಣದೊಂದು ಸೋಲಾರ್ ಪ್ಲೇಟು ಇತ್ತು. ಎರಡು ದೀಪ ಉರಿಯುತ್ತಿದ್ದವು, ಫೋನು ಚಾರ್ಜ್ ಆಗುತ್ತಿತ್ತು. ಆದರೆ ಹೊಟ್ಟೆಗೆ ಬೇಕಾದದ್ದು ಹಿಟ್ಟು. ಜೋಳ ಬೀಸಿಸಲು ಹೆಂಗಸರು ತಲೆಯ ಮೇಲೆ ಬುಟ್ಟಿ ಹೊತ್ತು ಊರಿಗೆ ಹೋಗಬೇಕು, ಉಸ್ಮಾನಸಾಬನ ಗಿರಣಿಯ ಮುಂದೆ ಪಾಳಿ ಹಚ್ಚಬೇಕು, ತಿರುಗಿ ಹೊತ್ತು ಬರಬೇಕು. ಅರ್ಧ ದಿನ ಹೋಯಿತೆಂದೇ ಲೆಕ್ಕ. ಅರ್ಧ ದಿನ ಹೋಯಿತೆಂದರೆ ಅರ್ಧ ದಿನದ ಕೂಲಿ ಹೋಯಿತು. ಬೀಸುವುದಕ್ಕೆ ಕೊಟ್ಟ ದುಡ್ಡನ್ನು ಎಲ್ಲರೂ ಹಿಡಿಯುತ್ತಿದ್ದರು, ಹೋದ ಕೂಲಿಯನ್ನು ಯಾರೂ ಹಿಡಿಯುತ್ತಿರಲಿಲ್ಲ. ಹಿಡಿದವಳು ದಾಕ್ಷಾಯಿಣಿ ಒಬ್ಬಳೇ.

ತವರಿನಿಂದ ಬಂದ ಎಮ್ಮೆಯನ್ನೂ ಅದರ ಕರುವನ್ನೂ ಅವಳು ಮಾರಿದಳು. ಹೆಂಗಸರ ಸಂಘದಿಂದ ಸ್ವಲ್ಪ, ಸರಕಾರದ ಸಹಾಯಧನ ಸ್ವಲ್ಪ ಸೇರಿತು. ಎಮ್ಮೆ ಕಟ್ಟುತ್ತಿದ್ದ ಕೊಟ್ಟಿಗೆಯಲ್ಲಿ ಗಿರಣಿ ಕೂತಿತು, ತಗಡಿನ ಮೇಲೆ ದೊಡ್ಡ ಪ್ಲೇಟುಗಳು ಕೂತವು. ಬಿಸಿಲು ಜೋರಾಗಿದ್ದರೆ ಗಿರಣಿ ಓಡುತ್ತಿತ್ತು, ಮೋಡ ಬಂದರೆ ನಡೆಯುತ್ತಿತ್ತು. ಮೊದಲ ಹಿಟ್ಟು ಬಿದ್ದಾಗ ದಾಕ್ಷಾಯಿಣಿಗೆ ಆದ ಸಂತೋಷವನ್ನು ಏನೆಂದು ಹೇಳುವುದು? ಮದುವೆಯಾಗಿ ಬಂದಾಗಿನಿಂದ ಆ ಮನೆಯಲ್ಲಿ ಅವಳು ಮಾಡದ ಕೆಲಸವಿರಲಿಲ್ಲ, ಆದರೆ ಅವಳದು ಅನ್ನುವ ಕೆಲಸವೂ ಇರಲಿಲ್ಲ. ಇದು ಅವಳದಾಗಿತ್ತು.

ಸಾವಕ್ಕನ ನೋಟು ತಿರುಗಿ ಹೋದ ಆ ಸಂಜೆ ಊಟಕ್ಕೆ ಕೂತಾಗ ಮಗ ಶಿವಯೋಗೀಶನೇ ಮಾತು ತೆಗೆದ. ಲಕಮನಹಳ್ಳಿಯ ಕಾರ್ಖಾನೆಯಲ್ಲಿ ಅವನ ಕೆಲಸ, ದಿನಾ ಬೈಕಿನ ಮೇಲೆ ಹೋಗಿ ಬರುತ್ತಿದ್ದ.

"ಅವ್ವಾ, ಸಾವಕ್ಕನ ರೊಕ್ಕಾ ತಿರುಗಿ ಕೊಟ್ಟೆಂತ?"

"ಕೊಟ್ಟೆ. ಎಣ್ಣಿಗಾಯಿ ಹಾಕಿಸ್ಕೋ."

"ಊರಿಗೆ ಉಪಕಾರಿ, ಮನಿಗೆ ಮಾರಿ ಆಗಬ್ಯಾಡ. ನಾಳೆ ಗಿರಣಿ ಪಟ್ಟಾ ಹರದ್ರ ಯಾರ ತಂದ್ಕೊಡ್ತಾರ? ಕಲ್ಲು ಸವದ್ರ?"

"ನೀ ಮಂದಿ ಕೈಕೆಳಗ ದುಡದು ದುಡದು ಎಲ್ಲಾನೂ ಕಿಲೋದಾಗ ತೂಗಾಕ ಕಲತೀ. ಡೀಜಲ್ ಹಾಕ್ತಾಳೇನು ನಿನ್ನ ಹೇಣ್ತಿ? ಕರೆಂಟಿನ ಬಿಲ್ ಬರತೈತೇನು? ಬಿಸಲು ಶಿವಾ ಕೊಟ್ಟಿದ್ದು. ಪುಕ್ಕಟ ಬಂದ ಬಿಸಲಿಗೆ ರೊಕ್ಕಾ ಇಸ್ಕೋಬೇಕ?"

ರೊಟ್ಟಿ ನೀಡುತ್ತಿದ್ದ ದಾಕ್ಷಾಯಿಣಿ ಮೆಲ್ಲಗೆ ಅಂದಳು: "ಬಿಸಲು ಪುಕ್ಕಟ ರೀ ಅತ್ತಿ. ಪ್ಲೇಟು ಪುಕ್ಕಟಲ್ಲ. ಎಮ್ಮಿ, ಕರಾ ಎರಡೂ ಹೋದ್ವಲ್ರಿ."

"ಎಮ್ಮಿ ನಿನ್ನ ತವರಮನಿವು ಅಂತ ಎತ್ತಿ ಆಡಾಕತ್ತಿಯೇನು?"

"ಹಂಗಲ್ರಿ..."

"ಹ್ಯಾಂಗರ ಇರ್ಲಿ. ಸುಗ್ಗ್ಯಾಗ ಬಡಿಗ, ಕಂಬಾರ, ನಾವಿದ ಎಲ್ಲಾರೂ ನಮ್ಮ ಕಣದಾಗ ಬಂದು ವರ್ಷದ ದುಡಿಮಿಗೆ ಆಯಾ ಅಂತ ಕಾಳು ಒಯ್ತಿದ್ರು. ಆಯಾ ಕೊಡೋ ಮನಿ ನಮ್ದು, ಇಸ್ಕೊಳ್ಳೋ ಮನಿ ಅಲ್ಲ. ನಾ ಇರೋತನ ಈ ಬಾಗಿಲದಾಗ ಹಿಟ್ಟು ಮಾರೂದಿಲ್ಲ."

"ಆಯಿ, ಹಂಗಾದ್ರ ಕಣಾನೂ ಈಗ ದೊಡ್ಡಜ್ಜನ ಪಾಲಿಗೆ ಹೋತಲ್ಲ," ಎಂದಳು ಮೊಮ್ಮಗಳು ಶಾಂಭವಿ. ಒಂಬತ್ತನೆಯ ಇಯತ್ತೆಯ ಹುಡುಗಿ, ಬಾಯಿ ಅಜ್ಜಿಯದೇ.

"ನೀ ಉಣ್ಣು, ಬಾಯಿ ಮುಚ್ಕೊಂಡು."

"ಬಾಯಿ ಮುಚ್ಕೊಂಡು ಹ್ಯಾಂಗ ಉಣ್ಣಲಿ?"

ಮಡಿವಾಳಪ್ಪ ನಕ್ಕ. ಬಾಳವ್ವ ನಗಲಿಲ್ಲ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂತಾರಲ್ಲ, ಆ ಜಾತಿಯ ಹೆಂಗಸು ಅವಳು. ಹಾಗಂತ ಕೆಟ್ಟವಳೆಂದು ಯಾರೂ ತಿಳಿಯಬಾರದು. ಹಸಿದು ಬಂದವರನ್ನು ಅವಳು ಬಾಗಿಲಿನಿಂದ ಹಾಗೇ ಕಳಿಸಿದ್ದನ್ನು ಯಾರೂ ಕಂಡಿರಲಿಲ್ಲ. ವಾಡೆ ಹೋಯಿತು, ಕಣ ಹೋಯಿತು, ಆಳುಕಾಳು ಹೋದರು, ಕೊಡುವುದೊಂದು ಉಳಿದಿತ್ತು. ಅದನ್ನೂ ಬಿಡು ಎಂದರೆ ಯಾರಿಗಾದರೂ ಸಿಟ್ಟು ಬರುತ್ತದೆ.

ಮೊದಮೊದಲು ಎಲ್ಲ ಮನೆಗಳ ಹೆಂಗಸರೂ ಬಂದರು. ಬಾಳವ್ವ ಕಟ್ಟೆಯ ಮೇಲೆ ಕೂತು ಬಂದವರಿಗೆಲ್ಲ ಎಲೆ ಅಡಿಕೆ ಕೊಟ್ಟಳು. ಆಮೇಲೆ ಒಬ್ಬೊಬ್ಬರೇ ಕಡಿಮೆಯಾದರು. ಒಬ್ಬಳ ಮನೆಯಲ್ಲಿ ಇನ್ನೂ ಹಿಟ್ಟು ಇತ್ತಂತೆ, ಮತ್ತೊಬ್ಬಳ ಗಂಡ ಊರಿಗೆ ಹೋದಾಗ ಬೀಸಿಸಿಕೊಂಡು ಬಂದನಂತೆ. ಸಾವಕ್ಕ ಕಾರಣವನ್ನೂ ಹೇಳಲಿಲ್ಲ, ಸುಮ್ಮನೆ ಬಿಟ್ಟಳು. ಕಾರಹುಣ್ಣಿವೆಯ ಹೊತ್ತಿಗೆ ಗಿರಣಿ ಸ್ವಂತ ಮನೆಯ ಜೋಳ ಬೀಸಲು ಮಾತ್ರ ತಿರುಗುತ್ತಿತ್ತು. ಅಷ್ಟು ಬಿಸಿಲು ಮೈಮೇಲೆ ಬಿದ್ದರೂ ಪ್ಲೇಟುಗಳು ಸುಮ್ಮನೆ ಮಲಗಿರುತ್ತಿದ್ದವು. ದಾಕ್ಷಾಯಿಣಿ ದಿನಾ ಅವನ್ನು ಒರೆಸುತ್ತಿದ್ದಳು.

"ಪುಕ್ಕಟ ಕೊಟ್ರೂ ಮಂದಿ ಒಲ್ಲೆ ಅಂತಾರಂದ್ರ ಆ ಗಿರಣ್ಯಾಗ ದೋಷ ಐತಿ," ಎಂದ ಶಿವಯೋಗೀಶ ಒಂದು ದಿನ ಚಹಾ ಕುಡಿಯುತ್ತ. "ನಮ್ಮ ಜೋಡಿ ಕೆಲಸಾ ಮಾಡೋ ದುರ್ಗೇಶ ಕೇಳಾಕತ್ತಾನ. ಅವರ ಮಾವನ ಹೊಲದಾಗ ಹಾಕಸ್ತಾನಂತ. ಮಾರಿಬಿಡೂಣು."

"ಮಾರಿ?" ಎಂದಳು ದಾಕ್ಷಾಯಿಣಿ.

"ಲಕಮನಹಳ್ಳ್ಯಾಗ ಖೋಲಿ ಹಿಡಿಯೂಣು. ಹೊಲಾ ಯಾರಿಗರ ಲಾವಣಿಗೆ ಕೊಡೂಣು. ಅಪ್ಪಾ ಅವ್ವಾನೂ ಬರ್ಲಿ. ಶಾಂಭವಿ ಸಾಲಿ ಹತ್ರ ಆಗತೈತಿ. ನಿನಗೂ ಪ್ಯಾಕಿಂಗ್ ಕೆಲಸಾ ಸಿಗತೈತಿ, ಕೇಳಿ ಬಂದೇನಿ."

"ಒಂದ ಖೋಲ್ಯಾಗ ಐದು ಮಂದಿ?"

"ಮಂದಿ ಇಲ್ಲೇನು ಹಂಗ?"

ಅವನ ಮಾತೂ ತಪ್ಪಲ್ಲ. ಮಳೆಗಾಲದಲ್ಲಿ ಎರೆಮಣ್ಣಿನ ದಾರಿಯಲ್ಲಿ ಬೈಕು ತಳ್ಳಿ ತಳ್ಳಿ ಅವನ ಸೊಂಟ ಬಿದ್ದುಹೋಗಿತ್ತು. ಆದರೆ ದಾಕ್ಷಾಯಿಣಿ ಆ ಖೋಲಿಗಳನ್ನು ನೋಡಿದ್ದಳು. ಸಾಲು ಬಾಗಿಲು, ಎಲ್ಲರಿಗೂ ಒಂದೇ ನಳ, ನಳದ ಮುಂದೆ ಕೊಡಗಳ ಜಗಳ. ಅತ್ತೆ ಅಂಥ ಕಡೆ ಎಲ್ಲಿ ಕೂತು ಯಾರಿಗೆ ಎಲೆ ಅಡಿಕೆ ಕೊಟ್ಟಾಳು? ಮಾವ ಎಲ್ಲಿ ಅಡ್ಡಾಡಿಯಾನು? ತಾನು ಮತ್ತೊಬ್ಬರ ಡಬ್ಬಿಗೆ ಮುಚ್ಚಳ ಹಾಕುತ್ತ ಎಷ್ಟು ವರ್ಷ ಕಳೆದಾಳು? ಅವಳಿಗೆ ಅಳು ಬಂತು, ಅದನ್ನು ಒಲೆಯ ಹೊಗೆಯ ಲೆಕ್ಕಕ್ಕೆ ಬರೆದಳು.

"ಪಂಚಮಿ ತನಕ ತಡೀರಿ," ಎಂದಳು. "ಅಷ್ಟರಾಗ ಗಿರಣಿ ತನ್ನ ಖರ್ಚು ತಾ ದುಡೀಲಿಲ್ಲಂದ್ರ ನೀವು ಹೇಳಿದಂಗ."

"ಪಂಚಮಿ ಹಿಂದಿನ ಐತವಾರ ದುರ್ಗೇಶನ ಕರಕೊಂಡು ಬರ್ತೇನಿ. ಆಮ್ಯಾಲೆ ಮಾತಿಲ್ಲ."

ಮಾತು ಕೊಟ್ಟಿದ್ದೇನೋ ಕೊಟ್ಟಳು, ಗಿರಾಕಿಗಳನ್ನು ಎಲ್ಲಿಂದ ತರುವುದು?

ಆಷಾಢದ ಒಂದು ಮಧ್ಯಾಹ್ನ ಕಿರಾಣಿ ಸಾಮಾನಿಗೆಂದು ಊರಿಗೆ ಹೊರಟವಳಿಗೆ ದಾರಿಯಲ್ಲಿ ಸಾವಕ್ಕ ಎದುರಾದಳು. ತಲೆಯ ಮೇಲೆ ಹಿಟ್ಟಿನ ಬುಟ್ಟಿ, ಕಾಲಿಗೆ ಮೊಣಕಾಲುದ್ದ ಕೆಸರು. ಒಂದು ಕೈಯಲ್ಲಿ ಚಪ್ಪಲಿ ಹಿಡಿದಿದ್ದಳು.

"ಏನ ಸಾವಕ್ಕಾ, ನಮ್ಮ ಗಿರಣಿ ಮುಂದಿಂದ ಹಾದು ಊರಿಗೆ ಹೋಗಿ ಬೀಸಿಸ್ಕೊಂಡು ಬರಾಕತ್ತೀಯಲ್ಲ. ಕಾಲು ಉಕ್ಕಿನವೇನ ನಿನ್ನವು?"

"ಕಾಲು ನನ್ನವು, ಬುಟ್ಟಿ ನಂದು. ನಿನಗೇನ ತ್ರಾಸು?"

"ಇವತ್ತು ಕಳೆ ತಗಿಯೂದು ಬಿಟ್ಟು ಬಂದೀ. ಕೂಲಿ ಹೋತಿಲ್ಲೋ?"

"ಹೋತು."

"ಮತ್ತ? ಖರೇ ಹೇಳು. ನಾ ಏನರ ಅಂದೆನೇನು ನಿನಗ?"

ಸಾವಕ್ಕ ಬುಟ್ಟಿಯನ್ನು ಬದುವಿನ ಮೇಲೆ ಇಳಿಸಿದಳು. ಸಿಂಬೆ ಬಿಚ್ಚಿ ಮುಖ ಒರೆಸಿಕೊಂಡಳು.

"ನೀ ಅಂದಿಲ್ಲ ದಾಕ್ಷವ್ವಾ. ನಿಮ್ಮತ್ತಿನೂ ಅಂದಿಲ್ಲ. ಅಂದಿದ್ರ ಛಲೋ ಇತ್ತು. ಆಗ ಒಮ್ಮೆ ಮ್ವಾಡ ಇದ್ದಾಗ ಬೀಸಿ ಕೊಟ್ಟಿ ನೋಡು, ಹಿಟ್ಟು ದಪ್ಪ ಆಗಿತ್ತು. ರೊಟ್ಟಿ ತಟ್ಟಿದ್ರ ಸೀಳತಿದ್ವು. ನನ್ನ ಗಂಡ ಗಂಗಾಳಾ ದೂಡಿ ಎದ್ದ. ನಾ ಯಾರ ಮುಂದ ಹೇಳ್ಲಿ? ಪುಕ್ಕಟ ಬೀಸಿಸ್ಕೊಂಡು, ಮ್ಯಾಲೆ ಬೆಲ್ಲಾ ಇಸ್ಕೊಂಡು, ಹಿಟ್ಟು ದಪ್ಪ ಆತ್ರಿ ಅಂತ ಬಾಳವ್ವಾರ ಮುಂದ ಹೇಳಾಕ ಬರತೈತೇನು? ಉಸ್ಮಾನಸಾಬನ ಕಡೆ ಆಗಿದ್ರ ಬುಟ್ಟಿ ಒಯ್ದು ಅವನ ಮುಂದ ಕುಕ್ಕಿ, ಮತ್ತ ಬೀಸು ಅಂತಿದ್ದೆ."

"ನನ್ನ ಮುಂದ ಹೇಳಬೇಕಿತ್ತು."

"ಇನ್ನೂ ಕೇಳು. ನಮ್ಮಪ್ಪ ನಿಮ್ಮ ಮನ್ಯಾಗ ಆಳಾಗಿದ್ದ. ಅವರ ಕೊಟ್ಟಿದ್ದು ಉಂಡು ಬೆಳದೇವಿ, ಸುಳ್ಳಲ್ಲ. ಈಗ ನಂದೂ ಒಂದು ತುಂಡು ಹೊಲಾ ಐತಿ. ಇವತ್ತು ಪುಕ್ಕಟ ಬೀಸಿಸ್ಕೊಂಡ್ರ, ನಾಳೆ ಕಳೇಕ ಬಾ ಅಂತ ನಿಮ್ಮತ್ತಿ ಕರದಾಗ, ಇಲ್ರಿ ನನ್ನ ಹೊಲದಾಗ ಕೆಲಸಾ ಐತಿ ಅನ್ನಾಕ ನನಗ ಬಾಯಿ ಇರತೈತೇನು?"

ದಾಕ್ಷಾಯಿಣಿ ಬದುವಿನ ಹತ್ತಿರ ಬಾಗಿದಳು. ಬುಟ್ಟಿ ಎತ್ತಿಕೊಡಲು ಕೈ ಹಚ್ಚಿದಳು. ಅಷ್ಟಕ್ಕೆ ಸಾವಕ್ಕ ಬೇಡ ಅನ್ನಲಿಲ್ಲ.

ಮನೆಗೆ ಬಂದವಳು ಊಟದ ಹೊತ್ತಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಹೇಳಿದ್ದು ತಪ್ಪಾಯಿತೋ ಏನೋ. ಬಾಳವ್ವ ಕೈಯಲ್ಲಿದ್ದ ತುತ್ತನ್ನು ಗಂಗಾಳದಲ್ಲಿ ಬಿಟ್ಟಳು.

"ಅಂದ್ರ ನಾ ಕೊಟ್ಟಿದ್ದು ಆಕಿಗೆ ಚುಚ್ಚಿತು?"

"ಚುಚ್ಚಿತು ಅಂತಲ್ಲ ರೀ ಅತ್ತಿ. ಭಾರ ಆತು."

"ಆಕಿ ಬಾಣಂತನಕ್ಕ ತುಪ್ಪಾ ಕಳಿಸಿದ್ದು ಯಾರು? ಆಗ ಭಾರ ಆಗಲಿಲ್ಲೇನು?"

ಮಡಿವಾಳಪ್ಪ ಮಜ್ಜಿಗೆಯ ವಾಟಗಾ ಕೆಳಗಿಟ್ಟ. ಅವನು ಹೆಂಡತಿಗೆ ಎದುರಾಡುವುದು ಅಪರೂಪ. "ನೋಡು, ದಾಸೋಹ ದೊಡ್ಡದು ಅಂತೀ. ಖರೇ. ಆದ್ರ ಕಾಯಕ ಮದಲು, ದಾಸೋಹ ಆಮ್ಯಾಲೆ. ದಾಕ್ಷಾಯಿಣಿ ಮಾಡೂದು ಕಾಯಕ. ಅದರ ಕೂಲಿ ಇಸ್ಕೊಂಡ್ರ ಮನಿತನಾ ಹ್ಯಾಂಗ ಹೋದೀತು?"

"ನೀವೂ ಸೊಸಿ ಕಡೆ ಆದ್ರಿ?"

"ನಾ ಯಾರ ಕಡೆನೂ ಇಲ್ಲ. ರೊಟ್ಟಿ ಕಡೆ ಅದೇನಿ."

"ಹಂಗಾದ್ರ ರೊಟ್ಟೀನ ಕಟ್ಕೋರಿ," ಎಂದು ಬಾಳವ್ವ ಕೈ ತೊಳೆದು ಎದ್ದಳು. ಮುಂದೆ ಎಷ್ಟೋ ದಿನ ಅತ್ತೆ ಸೊಸೆಯ ನಡುವೆ ಮಾತು ಶಾಂಭವಿಯ ಮೂಲಕವೇ ನಡೆಯಿತು. "ಎಣ್ಣಿ ತೀರೇತಿ ಅಂತ ನಿಮ್ಮವ್ವಗ ಹೇಳು" ಎಂದು ಇವಳು, "ನಾಳೆ ತರ್ತಾರಂತ ನಿಮ್ಮ ಆಯಿಗೆ ಹೇಳು" ಎಂದು ಅವಳು. ಮೂವರೂ ಕೂತಿರುವುದು ಒಂದೇ ಒಲೆಯ ಮುಂದೆ. ಶಾಂಭವಿ ಕೊನೆಗೆ, "ನನಗ ಪಗಾರ ಕೊಡ್ರಿ, ಇಲ್ಲಂದ್ರ ನಾ ಹೇಳೂದಿಲ್ಲ," ಎಂದಳು.

ಶ್ರಾವಣ ಹತ್ತಿರವಾದಂತೆ ಜಿಟಿಜಿಟಿ ಮಳೆ ಹಿಡಿಯಿತು. ಧಾರವಾಡದ ಮಳೆ ಜೋರಾಗಿ ಬಂದು ಹೋಗುವಂಥದ್ದಲ್ಲ, ನೆಂಟರಂತೆ ಬಂದು ಕೂಡುತ್ತದೆ. ಗಿರಣಿ ತಿರುಗಲಿಲ್ಲ. ಮನೆಯ ಹಿಟ್ಟಿನ ಡಬ್ಬಿ ತಳ ಕಂಡಿತು. ಅತ್ತ ರೊಟ್ಟಿ ಪಂಚಮಿ ಹತ್ತಿರ ಬಂದಿತ್ತು. ಈ ಕಡೆ ನಾಗಪ್ಪನಿಗೆ ಹಾಲೆರೆಯುವ ಮೊದಲು ಹೆಂಗಸರು ಸಜ್ಜೆ ರೊಟ್ಟಿ, ಎಳ್ಳು ಹಚ್ಚಿದ ಜೋಳದ ಕಡಕ ರೊಟ್ಟಿ ಬುಟ್ಟಿಗಟ್ಟಲೆ ತಟ್ಟಿ, ಮನೆಮನೆಗೆ ಪಲ್ಯ ಚಟ್ನಿ ಇಟ್ಟು ಹಂಚುತ್ತಾರೆ. ಆ ಹಬ್ಬಕ್ಕೆ ಹಿಟ್ಟಿಲ್ಲದ ಮನೆ ಮನೆಯಲ್ಲ.

"ಊರಿಗೆ ಹೋಗಿ ಬೀಸಿಸ್ಕೊಂಡು ಬರ್ತೇನಿ," ಎಂದು ದಾಕ್ಷಾಯಿಣಿ ಬುಟ್ಟಿಗೆ ಜೋಳ ತುಂಬಿದಳು.

ಬಾಳವ್ವ ಬಹಳ ದಿನಗಳ ಮೇಲೆ ನೇರವಾಗಿ ಮಾತಾಡಿದಳು: "ನಾನೂ ಬರ್ತೇನಿ. ಭಾವನ ಮನ್ಯಾಗ ಉಂಡಿ ಕಟ್ಟಾಕ ಕರದಾರ. ನೀ ಬೀಸಿಸೋತನ ಅಲ್ಲಿ ಹೋಗಿ ಬರ್ತೇನಿ."

ಆದರೆ ದಾರಿ ಮುಗಿಯುವಷ್ಟರಲ್ಲಿ ಅವಳ ಮೊಣಕಾಲು ಮುಷ್ಕರ ಹೂಡಿತು. ವಾಡೆಗೆ ಹೋಗದೆ ಗಿರಣಿಯ ಕಟ್ಟೆಯ ಮೇಲೆ ಕೂತಳು. ಹಬ್ಬದ ಪಾಳಿ ಬೀದಿಯವರೆಗೆ ಬಂದಿತ್ತು. ಉಸ್ಮಾನಸಾಬ ಹಿಟ್ಟು ಮೆತ್ತಿದ ಮುಖವನ್ನು ಹೊರಗೆ ಹಾಕಿ ನೋಡಿದವನೇ ಓಡಿ ಬಂದ.

"ಬಾಳವ್ವಾರ, ನೀವ ಬಂದೀರಿ! ಹೇಳಿ ಕಳಿಸಿದ್ರ ಆಗ್ತಿತ್ತಲ್ರಿ. ತರ್ರಿ ಇಲ್ಲೆ ಬುಟ್ಟಿ."

"ಪಾಳಿ ಐತಲ್ಲಪಾ."

"ನಿಮಗೆಂಥಾ ಪಾಳಿ ರೀ!"

ಪಾಳಿಯ ಹೆಂಗಸರು ಗೊಣಗಿದರು. ಅವನು ಬೇರೆಯವರ ಗೋಧಿ ಆಗಷ್ಟೇ ಮುಗಿದಿದ್ದ ಗಿರಣಿಗೆ ಇವರ ಜೋಳ ಸುರಿದು, ಗದ್ದಲದಲ್ಲಿ ಗಡಿಬಿಡಿಯಿಂದ ಬೀಸಿ, ಬುಟ್ಟಿಯನ್ನು ತಾನೇ ಹೊತ್ತು ತಂದ. ಬಾಳವ್ವ ಸೊಂಟದ ಚೀಲದಿಂದ ದುಡ್ಡು ತೆಗೆದಳು. ಉಸ್ಮಾನಸಾಬ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡ.

"ಬ್ಯಾಡ್ರಿ. ಬರಗಾಲದಾಗ ನಮ್ಮಪ್ಪಗ ನಿಮ್ಮ ಮಾವನ್ಯಾರು ಜ್ವಾಳಾ ಕೊಟ್ಟಾರ. ನಿಮ್ಮ ಕಡೆ ನಾ ರೊಕ್ಕಾ ಇಸ್ಕೊಂಡ್ರ ಅಲ್ಲಾ ಮೆಚ್ಚತಾನೇನ್ರಿ?"

"ಅದು ಅವರ ಕಾಲ. ಇದು ತಗೋ."

"ಕೈ ಮುಗೀತೇನಿ, ಒತ್ತಾಯ ಮಾಡಬ್ಯಾಡ್ರಿ."

ಪಾಳಿಯಲ್ಲಿ ನಿಂತವರೆಲ್ಲ ನೋಡುತ್ತಿದ್ದರು. ಬಾಳವ್ವ ದುಡ್ಡನ್ನು ತಿರುಗಿ ಚೀಲಕ್ಕೆ ಹಾಕಿದಳು. ಕಿವಿಯವರೆಗೆ ಅವಳ ಮುಖ ಕೆಂಪಾದದ್ದನ್ನು ದಾಕ್ಷಾಯಿಣಿ ಕಂಡಳು, ಕಂಡೂ ಕಾಣದವಳಂತೆ ಬುಟ್ಟಿ ಹೊತ್ತಳು.

ಇಬ್ಬರೂ ಊರಿನ ಅಗಸೆ ದಾಟಿದರು. ಆಮೇಲೆ ಅತ್ತೆ ಬುಟ್ಟಿ ಇಳಿಸಲು ಹೇಳಿ, ಮುಚ್ಚಿದ ಬಟ್ಟೆ ಸರಿಸಿ, ಒಂದು ಚಿಟಿಕೆ ಹಿಟ್ಟನ್ನು ಬೆರಳಲ್ಲಿ ತಿಕ್ಕಿ ನೋಡಿದಳು.

"ದಪ್ಪ ಆಗೇತಿ. ಗೋದಿ ಹಿಟ್ಟೂ ಕೂಡೇತಿ."

"ಹೌದ್ರಿ."

"ಹಬ್ಬದ ರೊಟ್ಟಿ ಇದರಾಗ ಆಗೂದಿಲ್ಲ."

"ಅಲ್ಲೇ ಹೇಳಬೇಕಿತ್ತಲ್ರಿ ಅತ್ತಿ. ಮತ್ತೊಮ್ಮೆ ಬೀಸಿ ಕೊಡ್ತಿದ್ರು."

"ಹ್ಯಾಂಗ ಹೇಳ್ಲಿ?" ಬಾಳವ್ವ ಸಿಡುಕಿದಳು. "ಪುಕ್ಕಟ ಬೀಸಿ ಕೊಟ್ಟಾನ. ಮ್ಯಾಲೆ ತಾನ ಹೊತ್ತು ತಂದಾನ. ಯಾವ ಬಾಯಿಲೆ ಹೇಳ್ಲಿ?"

ಅಂದವಳು ಅಲ್ಲೇ ಬದುವಿನ ಮೇಲೆ ಕೂತುಬಿಟ್ಟಳು. ತುಂತುರು ಬೀಳುತ್ತಿತ್ತು. ದಾಕ್ಷಾಯಿಣಿ ಹಿಟ್ಟಿನ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿದಳು. ನಾಲಗೆಯ ತುದಿಗೆ ಎಷ್ಟೋ ಮಾತುಗಳು ಬಂದಿದ್ದವು. ಅತ್ತೆಯ ಮುಖ ನೋಡಿ ಅವನ್ನೆಲ್ಲ ನುಂಗಿದಳು.

"ಸಾವಕ್ಕನ ಹಿಟ್ಟೂ ಹಿಂಗ ಆಗಿತ್ತೇನು?" ಕೇಳಿದಳು ಬಾಳವ್ವ.

"ಹ್ಞೂ ರೀ."

"ಆಕಿ ಗಂಡ ಉಣಲಾರದ ಎದ್ದನಂತ?"

"ಹ್ಞೂ ರೀ."

ಬಾಳವ್ವ ಮೊಣಕಾಲಿನ ಮೇಲೆ ಕೈಯೂರಿ ಎದ್ದಳು. "ನಡಿ. ಮಳಿ ಜೋರಾದೀತು."

ಆ ಸಂಜೆ ರೊಟ್ಟಿಗಳು ಅಂಚಿನಲ್ಲಿ ಸೀಳಿದವು. ಮಾರನೆಯ ದಿನ ಬೆಳಿಗ್ಗೆ ಬಾಳವ್ವ ಕೊಡೆ ಹಿಡಿದು ಸಾವಕ್ಕನ ಮನೆಯ ಕಡೆ ನಡೆದಳು. ಪಾತ್ರೆ ತಿಕ್ಕುತ್ತಿದ್ದ ದಾಕ್ಷಾಯಿಣಿಗೆ ದೂರದಿಂದ ಇಬ್ಬರು ಹೆಂಗಸರು ಹೊಸ್ತಿಲಲ್ಲಿ ಎದುರುಬದುರು ನಿಂತದ್ದು ಕಾಣಿಸಿತು, ಮಾತು ಕೇಳಿಸಲಿಲ್ಲ. ಅತ್ತೆಯ ಕೈ ಒಮ್ಮೆ ಮೇಲೆ ಹೋಯಿತು, ಸಾವಕ್ಕನ ಕೈಯೂ ಮೇಲೆ ಹೋಯಿತು. ಜಗಳವೋ ಮಾತೋ ತಿಳಿಯಲಿಲ್ಲ. ಬಹಳ ಹೊತ್ತಿನ ಮೇಲೆ ಬಾಳವ್ವ ತಿರುಗಿ ಬಂದು ಕೊಡೆ ಕೊಡವಿದಳು.

"ಉಸ್ಮಾನಸಾಬ ಕಿಲೋಕ್ಕ ಎಷ್ಟ ಇಸ್ಕೋತಾನ?"

"ಐದು ರೂಪಾಯಿ ರೀ."

"ನಾವೂ ಐದ. ಕಡಿಮಿ ಇಸ್ಕೊಂಡ್ರ ಅದೂ ಒಂದು ಹಂಗು. ಮಳಿ ಹೊಳವಾದ ಕೂಡ್ಲೆ ಎಲ್ಲಾ ಮನಿಯಾವರೂ ಬರ್ತಾರ, ಸಾವಕ್ಕಗ ಹೇಳಿ ಬಂದೇನಿ. ಮತ್ತ ಕೇಳು. ರೊಕ್ಕಾ ನೀ ಇಸ್ಕೋಬ್ಯಾಡ."

ದಾಕ್ಷಾಯಿಣಿ ತಿಕ್ಕುತ್ತಿದ್ದ ಪಾತ್ರೆಯನ್ನು ಕೆಳಗಿಟ್ಟಳು. "ಮತ್ತ?"

"ನಾ ಇಸ್ಕೋತೇನಿ. ಮಂದಿ ಆಡ್ಕೊಂಡ್ರ ನನಗ ಆಡ್ಕೊಳ್ಲಿ. ನೀ ಹಿಟ್ಟಿನ ಕಡೆ ಲಕ್ಷ ಇಡು."

ದೇವರು ಕಣ್ಣು ತೆರೆದದ್ದು ಪಂಚಮಿಯ ಹಿಂದಿನ ಐತವಾರ. ಬೆಳಿಗ್ಗೆ ಮೋಡ ಹರಿದು, ತೊಳೆದಿಟ್ಟಂಥ ಬಿಸಿಲು ಬಿತ್ತು. ಮಡಿವಾ‌ಳಪ್ಪ ಅಂಗಳದಲ್ಲಿ ನಿಂತು, "ಗಾಳಿ ಬಂದಾಗ ತೂರಿಕೋ ಅಂದ್ರು ಹಿರ್ಯಾರು. ನಾವು ಬಿಸಲು ಬಂದಾಗ ಬೀಸ್ಕೋಬೇಕು. ಏಳ್ರಿ, ಏಳ್ರಿ," ಎಂದು ಎಲ್ಲರನ್ನೂ ಎಬ್ಬಿಸಿದ. ಶಾಂಭವಿ ತಗಡು ಹತ್ತಿ ಪ್ಲೇಟು ಒರೆಸಿದಳು. ಸ್ವಲ್ಪ ಹೊತ್ತಿಗೆ ಬುಟ್ಟಿ ಹೊತ್ತವರು ಬದುವಿನ ಮೇಲೆ ಒಬ್ಬರ ಹಿಂದೊಬ್ಬರು ಕಾಣಿಸಿದರು. ಎಲ್ಲರಿಗಿಂತ ಮುಂದೆ ಸಾವಕ್ಕ.

ಅವಳು ನೋಟು ಮುಂದೆ ಹಿಡಿದಾಗ ಬಾಳವ್ವನ ಕೈ ಒಂದು ಕ್ಷಣ ಏನು ಮಾಡಬೇಕೆಂದು ತಿಳಿಯದೆ ಹಾಗೇ ನಿಂತಿತು. ಎಷ್ಟೋ ವರ್ಷ ಕೊಟ್ಟು ರೂಢಿಯಾದ ಕೈ ಅದು. ಆಮೇಲೆ ಅಂಗೈ ಮೇಲೆ ಮಾಡಿದಳು. ಸಾವಕ್ಕ ಅದರಲ್ಲಿ ನೋಟು ಇಟ್ಟಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ದಾಕ್ಷಾಯಿಣಿ ಗಿರಣಿಗೆ ಜೋಳ ಸುರಿದಳು.

ಅಷ್ಟರಲ್ಲಿ ಬೈಕಿನ ಸದ್ದಾಯಿತು. ಊರಿನಿಂದ ದುರ್ಗೇಶನನ್ನು ಹಿಂದೆ ಕೂಡಿಸಿಕೊಂಡು ಬಂದ ಶಿವಯೋಗೀಶ ಅಂಗಳ ತುಂಬಿದ್ದನ್ನು ನೋಡಿ ಬೈಕು ನಿಲ್ಲಿಸುವುದನ್ನೇ ಮರೆತ.

"ಅವ್ವಾ, ದುರ್ಗೇಶ ಬಂದಾನ. ಗಿರಣಿ ನೋಡ್ತಾನಂತ."

"ನೋಡ್ಲಿ. ಪಾಳಿ ಐತಿ, ನಿಂದ್ರಾಕ ಹೇಳು."

ಹೆಂಗಸರು ನಕ್ಕರು. ದುರ್ಗೇಶನೂ ನಗಬೇಕೋ ಬೇಡವೋ ತಿಳಿಯದೆ ನಕ್ಕ. ಒಂದು ತೇಲು ಮೋಡ ಬಿಸಿಲಿಗೆ ಅಡ್ಡ ಬಂದು ಗಿರಣಿಯ ಸದ್ದು ಒಮ್ಮೆ ತಗ್ಗಿತು, ಮತ್ತೆ ಏರಿತು. ಸಾವಕ್ಕನ ಬುಟ್ಟಿ ತುಂಬಿತು. ಅವಳು ಬಾಗಿ ಮೇಲಿನಿಂದೊಮ್ಮೆ, ತಳದಿಂದೊಮ್ಮೆ ಚಿಟಿಕೆ ಹಿಟ್ಟು ತೆಗೆದು ಬೆರಳಲ್ಲಿ ತಿಕ್ಕಿದಳು.

"ಏನ್ರಿ ಇದು ಬಾಳವ್ವಾರ!" ಅವಳ ದನಿ ಅಂಗಳಕ್ಕೆಲ್ಲ ಕೇಳಿಸಿತು. "ಮ್ಯಾಲಿಂದು ಸಣ್ಣ ಆಗೇತಿ, ಕೆಳಗಿಂದು ರವಾ ಆಗೇತಿ. ರೊಕ್ಕಾ ಎಣಿಸಿ ಇಸ್ಕೊಂಡೀರಿಲ್ಲೋ? ಹಿಂಥಾದ್ರಾಗ ಹಬ್ಬದ ರೊಟ್ಟಿ ತಟ್ಟಲೇನು ನಾನು?"

ಪಾಳಿಯವರ ತಲೆಗಳೆಲ್ಲ ಇತ್ತ ತಿರುಗಿದವು. ಆ ಮನೆಯ ಅಂಗಳದಲ್ಲಿ ನಿಂತು ಬಾಳವ್ವನಿಗೆ ಯಾರೂ ಹೀಗೆ ಅಂದದ್ದಿಲ್ಲ. ಶಿವಯೋಗೀಶ ಬಾಯಿ ತೆರೆಯಹೋದ, ಮಡಿವಾಳಪ್ಪ ಅವನ ರಟ್ಟೆ ಹಿಡಿದ. ದಾಕ್ಷಾಯಿಣಿ ಅತ್ತೆಯನ್ನೇ ನೋಡಿದಳು. ಬಾಳವ್ವ ಕಟ್ಟೆಯಿಂದ ಇಳಿದು ಬಂದಳು, ಬುಟ್ಟಿಯಲ್ಲಿ ಕೈ ಹಾಕಿ ತಳದ ಹಿಟ್ಟು ತೆಗೆದಳು, ತಿಕ್ಕಿದಳು, ಬೆಳಕಿಗೆ ಹಿಡಿದು ನೋಡಿದಳು. ನೋಡುತ್ತ ನೋಡುತ್ತ ಅವಳ ಮುಖದಲ್ಲಿ ನಗು ಹರಡಿತು. ಹಾಗೆ ನಕ್ಕದ್ದನ್ನು ದಾಕ್ಷಾಯಿಣಿ ಎಷ್ಟೋ ದಿನಗಳಿಂದ ಕಂಡಿರಲಿಲ್ಲ.

"ಶಿವಯೋಗಿ, ಏನ್ ನಿಂತು ನೋಡ್ತೀಯೋ?" ಎಂದಳು ಬಾಳವ್ವ ಮಗನಿಗೆ. "ಬುಟ್ಟಿ ಎತ್ತು. ಗಿರಾಕಿ ಹೇಳಾಕತ್ತಾಳ, ಮತ್ತ ಹಾಕು."